ತಪ್ಪು ಮಾಡದವರ ಗುಟ್ಟು



2021ರ ಮಾರ್ಚ್ ತಿಂಗಳಲ್ಲಿ ನಮ್ಮ ಕರಾವಳಿ ಕಾವಲು ಪಡೆ ಶ್ರೀಲಂಕಾದ ಮೀನುಗಾರಿಕೆ ದೋಣಿಯೊಂದನ್ನು ಅರಬ್ಬೀ ಸಮುದ್ರದಲ್ಲಿ ತಡೆದು ಕೇರಳದ ವಿಳಿಂಜಂಗೆ ತಂದು ಕಟ್ಟಿತು. ದೋಣಿಯ ಹೆಸರು ರವಿಹಂಸಿ. ಒಳಗಿದ್ದದ್ದು ಮೀನಲ್ಲ. 300 ಕಿಲೋ ಹೆರಾಯಿನ್, 5 ಎಕೆ-47 ರೈಫಲು, 1,000 ಗುಂಡು. ಪತ್ರಿಕೆಗಳಲ್ಲಿ ಅದು ವಿಳಿಂಜಂ ಪ್ರಕರಣ ಎಂದೇ ಹೆಸರಾಯಿತು. ಸಿಕ್ಕಿಬಿದ್ದವರು ವಿಳಿಂಜಂನವರಲ್ಲ, ಸಿಕ್ಕಿದ ಜಾಗವೂ ವಿಳಿಂಜಂ ಅಲ್ಲ. ಪಾಪ, ದಡ ಕೊಟ್ಟದ್ದಷ್ಟೇ ಆ ಊರು ಮಾಡಿದ ಕೆಲಸ.

ಆ ಸುದ್ದಿ ಓದಿದಾಗ ನನಗೆ ಹೊಳೆದದ್ದು ಬೇರೆ ಪ್ರಶ್ನೆ. ತಿರುವನಂತಪುರದಿಂದ ತೆಂಕಕ್ಕೆ ಹದಿನಾರು ಕಿಲೋಮೀಟರು, ಕೋವಳಂ ದಾಟಿದೊಡನೆ ಸಿಗುವ ಮೀನುಗಾರರ ಊರು ಅದು. ನೂರಾರು ದೋಣಿಗಳು. ರಾತ್ರಿ ಹೊರಟರೆ ಕಡಲಲ್ಲಿ ಹೆಜ್ಜೆಹೆಜ್ಜೆಗೂ ಪೊಲೀಸರಿಲ್ಲ, ಕ್ಯಾಮೆರಾ ಇಲ್ಲ, ಸಾಕ್ಷಿಗೆ ನಕ್ಷತ್ರ ಮಾತ್ರ. ದೊಡ್ಡ ಹಡಗುಗಳ ಅಂತರರಾಷ್ಟ್ರೀಯ ದಾರಿ ಹತ್ತು ನಾಟಿಕಲ್ ಮೈಲಿಯಷ್ಟೇ ದೂರ. ಮೀನುಗಾರನ ತಲೆಯ ಮೇಲೆ ಸಾಲವಿದೆ, ಎಂಜಿನ್ನಿಗೆ ಸೀಮೆಎಣ್ಣೆ ತುಂಬಿಸಬೇಕು, ಮಗಳ ಮದುವೆ ಬೇರೆ. ಯಾರದೋ ಒಂದು ಮೂಟೆಯನ್ನು ಒಂದು ರಾತ್ರಿ ದಡಕ್ಕೆ ತಂದರೆ ಎಲ್ಲ ತೀರೀತು. ಆದರೂ ಹೆಚ್ಚುಕಡಿಮೆ ಎಲ್ಲರೂ ಹೋಗುವುದು ಮೀನಿಗೆ, ಬರುವುದು ಮೀನಿನೊಂದಿಗೆ ಅಥವಾ ಬರಿಗೈಯಲ್ಲಿ. ಯಾಕೆ?

ಕಳ್ಳ ಯಾಕೆ ಕದ್ದ ಎಂದು ನಾವು ಕೇಳುತ್ತೇವೆ. ಕದಿಯದವನು ಯಾಕೆ ಕದಿಯಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಟ್ರಾವಿಸ್ ಹಿರ್ಶಿ 1969ರಲ್ಲಿ ಇದನ್ನೇ ಕೇಳಿದ. ಕ್ಯಾಲಿಫೋರ್ನಿಯಾದ ಸಾವಿರಾರು ಶಾಲಾಮಕ್ಕಳ ಉತ್ತರಗಳನ್ನು ಮುಂದಿಟ್ಟುಕೊಂಡು ಅವನು ಹೇಳಿದ್ದು ಸರಳ: ಆಸೆ ಎಲ್ಲರಿಗೂ ಇದೆ, ಅದಕ್ಕೆ ಕಾರಣ ಹುಡುಕಬೇಕಿಲ್ಲ. ಹುಡುಕಬೇಕಾದ್ದು ತಡೆಯುವುದೇನು ಎಂಬುದನ್ನು. ಅವನ ಪ್ರಕಾರ ಮನುಷ್ಯನನ್ನು ತಡೆಯುವುದು ನಾಲ್ಕು ನಂಟು. ನಮ್ಮವರು ಎಂಬ ಒಲವು; ಇಷ್ಟು ದಿನ ಕಟ್ಟಿಕೊಂಡದ್ದು ಹೋದೀತೆಂಬ ಅಳುಕು; ಕೈತುಂಬ ಕೆಲಸ; ಇದು ಸರಿ, ಇದು ತಪ್ಪು ಎಂಬ ನಂಬಿಕೆ. ಮೂರನೆಯದು ಅಷ್ಟು ಗಟ್ಟಿಯಲ್ಲ ಎಂದು ಮುಂದೆ ಅವನೇ ಒಪ್ಪಿದ. ನನಗೂ ಹಾಗೇ ಅನಿಸುತ್ತದೆ. ಕಳ್ಳತನಕ್ಕೆ ಬೇಕಾದ್ದು ಐದು ನಿಮಿಷ. ಹುಡುಗರನ್ನು ಬೆಳಗಿನಿಂದ ರಾತ್ರಿಯವರೆಗೆ ಟ್ಯೂಷನ್ನಿಗೆ ಅಟ್ಟಿ ನಿಶ್ಚಿಂತರಾದ ತಂದೆತಾಯಿ ಇದನ್ನು ಸ್ವಲ್ಪ ಯೋಚಿಸಬೇಕು.

ಇನ್ನು ವಿಳಿಂಜಂ ದಡಕ್ಕೆ ಬರೋಣ.

ಅಲ್ಲಿ ಲ್ಯಾಟಿನ್ ಕ್ಯಾಥೊಲಿಕ್ ಮೀನುಗಾರರಿದ್ದಾರೆ, ಮುಸ್ಲಿಂ ಮೀನುಗಾರರಿದ್ದಾರೆ. ಒಬ್ಬರಿಗೆ ಇಗರ್ಜಿ, ಒಬ್ಬರಿಗೆ ಮಸೀದಿಯ ಜಮಾಅತ್. ಭಾನುವಾರ ಕ್ರೈಸ್ತರ ದೋಣಿ ಕಡಲಿಗೆ ಇಳಿಯುವುದಿಲ್ಲ. ಸರ್ಕಾರದ ಆದೇಶ ಅದಕ್ಕಿಲ್ಲ. ಇಳಿಸಿದರೆ ಜೈಲೇನೂ ಆಗದು. ಆದರೆ ಸೋಮವಾರ ಬೆಳಿಗ್ಗೆ ಅದೇ ದಡದಲ್ಲಿ ಅದೇ ಮುಖಗಳ ನಡುವೆ ದೋಣಿ ತಳ್ಳಬೇಕಲ್ಲ! ದೋಣಿಯನ್ನು ಒಬ್ಬನೇ ತಳ್ಳಲಾಗುವುದಿಲ್ಲ. ಕಡಲಿನ ಕಸುಬಿನಲ್ಲಿ ನಾಲ್ಕು ಜನ ಏನಂದಾರು ಎಂಬುದು ಬರೀ ಸಂಕೋಚದ ಮಾತಲ್ಲ. ಆ ನಾಲ್ಕು ಜನ ಕೈಕೊಟ್ಟರೆ ಹೊಟ್ಟೆಗಿಲ್ಲ. ಎಂಜಿನ್ ಕೆಟ್ಟು ನಡುಗಡಲಲ್ಲಿ ನಿಂತಾಗ ಹಗ್ಗ ಎಸೆಯುವವರೂ ಅವರೇ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ ಇದು ಕಣ್ಣಿಗೆ ಕಂಡಿತು. ಸರ್ಕಾರದ ಹುಡುಕಾಟ ನಿಧಾನ ಎನಿಸಿದಾಗ ವಿಳಿಂಜಂ, ಪೂಂತುರ ಕಡೆಯ ಮೀನುಗಾರರು ತಾವೇ ದೋಣಿ ಇಳಿಸಿ ತಮ್ಮವರನ್ನು ಹುಡುಕಲು ಹೋದರು. ಅಂಥ ಹೊತ್ತಿನಲ್ಲಿ ನನ್ನನ್ನೂ ಹುಡುಕಲು ಯಾರಾದರೂ ಬರಬೇಕು ಎನ್ನುವವನು ಇವತ್ತು ಪಕ್ಕದವನ ಬಲೆಗೆ ಕತ್ತರಿ ಹಾಕುವುದಿಲ್ಲ.

ಪಾಲಿನ ಲೆಕ್ಕವೂ ಇಲ್ಲಿ ಸೇರುತ್ತದೆ. ಈ ದೋಣಿಗಳಲ್ಲಿ ತಿಂಗಳ ಸಂಬಳವಿಲ್ಲ, ಸಿಕ್ಕಿದ್ದರಲ್ಲಿ ಪಂಗು, ಅಂದರೆ ಪಾಲು. ತರಕನ್, ಅಂದರೆ ಹರಾಜಿನ ದಲ್ಲಾಳಿ, ಮುಂಗಡ ಕೊಡುತ್ತಾನೆ, ದೋಣಿಯ ಯಜಮಾನ ಕೆಲಸದವರಿಗೆ ಮುಂಗಡ ಕೊಡುತ್ತಾನೆ. ಕಾಗದಪತ್ರ ಕಡಿಮೆ, ಮಾತೇ ಹೆಚ್ಚು. ಹೆಸರು ಕೆಟ್ಟವನಿಗೆ ಇನ್ನೊಂದು ದೋಣಿಯಲ್ಲಿ ಜಾಗ ಸಿಗುವುದು ಕಷ್ಟ. ಹಿರ್ಶಿ ಪುಸ್ತಕದಲ್ಲಿ ಬರೆದ ಎರಡನೆಯ ನಂಟು ಇಲ್ಲಿ ಅಕ್ಷರವಿಲ್ಲದೆ ನಡೆಯುತ್ತಿದೆ.

ಹೆಂಗಸರ ಪಾತ್ರವನ್ನು ನಾವು ಬೇಗ ಮರೆಯುತ್ತೇವೆ. ವಿಳಿಂಜಂಗೆ ತಾಗಿಕೊಂಡಂತಿರುವ ಕನ್ಯಾಕುಮಾರಿ ಕರಾವಳಿಯ ಮುಕ್ಕುವ ಸಮುದಾಯದ ಬಗ್ಗೆ ಮಾನವಶಾಸ್ತ್ರಜ್ಞೆ ಕಲ್ಪನಾ ರಾಮ್ 1991ರಲ್ಲಿ ಒಂದು ಪುಸ್ತಕ ತಂದರು. ಅವರು ಗಮನಿಸಿದ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಮದುವೆಯಾದ ಮೇಲೆ ಸಂಸಾರ ಹೂಡುವುದು ಹೆಚ್ಚಾಗಿ ಹೆಂಡತಿಯ ತವರಿನ ಆಸುಪಾಸಿನಲ್ಲಿ. ಸಾಲ, ಚೀಟಿ, ಅಡವು ಎಲ್ಲ ಹೆಂಗಸರ ಕೈಯಲ್ಲಿ. ಗಂಡ ಕಡಲಲ್ಲಿದ್ದಾಗ ದಡದ ಲೋಕ ನಡೆಸುವವಳು ಅವಳೇ. ಈಗ ಯೋಚಿಸಿ: ಕುಡಿದು ಬಂದು ದುಡ್ಡು ಹಾಳು ಮಾಡಿದ ಅಳಿಯನ ಸುತ್ತ ಯಾರಿದ್ದಾರೆ? ಅತ್ತೆ, ಅತ್ತಿಗೆ, ನಾದಿನಿ, ಭಾವಮೈದುನ. ಅವನಿಗೆ ಸಾಲ ಹುಟ್ಟಬೇಕಾದರೂ ಅದೇ ಹೆಂಗಸರ ಬಳಗದಲ್ಲಿ ಹುಟ್ಟಬೇಕು. ಪೊಲೀಸ್ ಠಾಣೆ ಇಷ್ಟು ಹತ್ತಿರ ಎಲ್ಲಿದ್ದೀತು!

ಅಮೆರಿಕದ ಬಾಸ್ಟನ್ನಿನಲ್ಲೂ ಇಂಥದ್ದೇ ಕಂಡಿದೆ. ಅಲ್ಲಿನ 500 ದಾರಿತಪ್ಪಿದ ಹುಡುಗರ ಹಳೆಯ ದಾಖಲೆಗಳು ಹಾರ್ವರ್ಡ್ ಕಾನೂನು ಗ್ರಂಥಾಲಯದ ನೆಲಮಾಳಿಗೆಯಲ್ಲಿ ಪೆಟ್ಟಿಗೆಗಳಲ್ಲಿ ಬಿದ್ದಿದ್ದವು. ರಾಬರ್ಟ್ ಸ್ಯಾಂಪ್ಸನ್ ಮತ್ತು ಜಾನ್ ಲಾಬ್ ಎಂಬ ಅಪರಾಧಶಾಸ್ತ್ರಜ್ಞರು ಅವನ್ನು ತೆರೆದು 1993ರಲ್ಲಿ ಬರೆದರು: ಮುಂದೆ ಸರಿದಾರಿಗೆ ಬಂದವರಲ್ಲಿ ಬಹುಪಾಲು ಒಳ್ಳೆಯ ಮದುವೆ ಅಥವಾ ಸ್ಥಿರವಾದ ಕೆಲಸ ಸಿಕ್ಕಿದವರು. ಮದುವೆ ಮಾಡಿದರೆ ಸರಿಹೋಗ್ತಾನೆ ಎಂಬ ನಮ್ಮ ಅಜ್ಜಿಯರ ಮಾತನ್ನು ಸಮರ್ಥಿಸಲು ನಾನು ಇದನ್ನು ಹೇಳುತ್ತಿಲ್ಲ. ಅಜ್ಜಿಯರು ಆ ಹುಡುಗಿಯನ್ನು ಕೇಳುತ್ತಿರಲಿಲ್ಲ. ಕೆಟ್ಟ ಮದುವೆ ಯಾರನ್ನೂ ತಿದ್ದುವುದಿಲ್ಲ ಎಂದು ಆ ಇಬ್ಬರೂ ಬರೆದಿದ್ದಾರೆ.

ಮತ್ತೆ ಕೇರಳಕ್ಕೆ ಬಂದು ಕೊಚ್ಚಿ ಹಿನ್ನೀರಿಗೆ ಹೋದರೆ ಪಾಡು ಎಂಬ ಹಳೆಯ ಏರ್ಪಾಡು ಇದೆ. ಹೊಳೆಯಲ್ಲಿ ಕಂಬ ನೆಟ್ಟು ಸಿಗಡಿಗೆ ಬಲೆ ಕಟ್ಟುವ ಜಾಗಗಳು ಎಲ್ಲವೂ ಒಂದೇ ತರಹ ಇರುವುದಿಲ್ಲ. ಒಂದರಲ್ಲಿ ಸಿಗಡಿ ಸುರಿಯುತ್ತದೆ, ಇನ್ನೊಂದರಲ್ಲಿ ಪಾಚಿ. ಆದ್ದರಿಂದ ಸಂಘದ ಸದಸ್ಯರು ಚೀಟಿ ಎತ್ತಿ ಜಾಗ ಹಂಚಿಕೊಂಡು ಸರದಿಯಲ್ಲಿ ತಿರುಗುತ್ತಾರೆ. ಸರದಿ ಮುರಿದವನಿಗೆ ಶಿಕ್ಷೆ ಸಂಘದ್ದೇ. ನ್ಯಾಯವಾಗಿ ಪಾಲು ಸಿಗುತ್ತದೆಂಬ ಭರವಸೆ ಇದ್ದಾಗ ಮೋಸ ಮಾಡುವ ಆತುರ ತಾನಾಗಿಯೇ ಇಳಿಯುತ್ತದೆ.

ನಮ್ಮ ಕಾಸರಗೋಡಿನ ಕಡಲ ತೀರದಲ್ಲಿ ಕಡಕ್ಕೋಡಿ ಇತ್ತು, ಕೆಲವೆಡೆ ಈಗಲೂ ಇದೆ. ಕಡಲ ನ್ಯಾಯಾಲಯ ಎನ್ನಬಹುದು. ಭಗವತಿಯ ಗುಡಿಯ ಸ್ಥಾನಿಕರು ಕೂತು ಬಲೆ ಹರಿದ ಜಗಳ, ಜಾಗದ ಜಗಳ, ನಿಷೇಧಿಸಿದ ಬಲೆ ಬಿಟ್ಟ ತಪ್ಪು ಇವನ್ನೆಲ್ಲ ವಿಚಾರಿಸುತ್ತಿದ್ದರು. ಆಂಟನಿಟೊ ಪೌಲ್ ಎಂಬ ಅರ್ಥಶಾಸ್ತ್ರಜ್ಞರು ಇದರ ಏಳುಬೀಳನ್ನು ವಿವರವಾಗಿ ಬರೆದಿದ್ದಾರೆ. ನನ್ನ ಮನಸ್ಸಿಗೆ ನಾಟಿದ್ದು ಆ ಕೂಟದ ಕೊನೆಯ ಹೆಜ್ಜೆ: ದಂಡ ಕಟ್ಟಿದವನು ಮಾರನೆಯ ದಿನ ಮತ್ತೆ ಅದೇ ಕಡಲಿಗೆ ಇಳಿಯಬಹುದು. ಅವಮಾನಕ್ಕೆ ಒಂದು ಬಾಗಿಲು ಇತ್ತು, ಹೊರಗೆ ಹೋದವನು ಒಳಗೂ ಬರಬಹುದಿತ್ತು. ಆಸ್ಟ್ರೇಲಿಯಾದ ಅಪರಾಧಶಾಸ್ತ್ರಜ್ಞ ಜಾನ್ ಬ್ರೈತ್‌ವೈಟ್ 1989ರಲ್ಲಿ ಬರೆದ ಪುಸ್ತಕದ ಸಾರವೂ ಬಹುಮಟ್ಟಿಗೆ ಇದೇ. ತಪ್ಪನ್ನು ಬೈದು ಮನುಷ್ಯನನ್ನು ಉಳಿಸಿಕೊಂಡ ಊರಿನಲ್ಲಿ ಅಪರಾಧ ಕಡಿಮೆ; ಮನುಷ್ಯನಿಗೇ ಹಣೆಪಟ್ಟಿ ಕಟ್ಟಿ ಅಟ್ಟಿದ ಊರಿನಲ್ಲಿ ಅವನು ಅಟ್ಟಿಸಿಕೊಂಡವರ ಜೊತೆಗೇ ಸೇರುತ್ತಾನೆ.

ಕನ್ನಡ ಕರಾವಳಿಯ ಹಿರಿಯರಿಗೆ ರಂಪಣಿ ನೆನಪಿದ್ದೀತು. ದಡದಿಂದ ಅರ್ಧಚಂದ್ರಾಕಾರವಾಗಿ ಬಿಟ್ಟು ಎಳೆಯುವ ಆ ಭಾರೀ ಬಲೆಗೆ ಐವತ್ತು, ಅರವತ್ತು, ಎಂಬತ್ತು ಜನ ಬೇಕಾಗುತ್ತಿತ್ತು. ಹಗ್ಗಕ್ಕೆ ಕೈ ಹಚ್ಚಿದವನಿಗೆ ಒಂದಿಷ್ಟು ಮೀನು ಖಂಡಿತ. 1970ರ ದಶಕದ ನಡುವಿನಲ್ಲಿ ಪರ್ಸಿನ್ ಬೋಟುಗಳು ಬಂದವು, ಬೂತಾಯಿ ಬಂಗುಡೆ ದಡಕ್ಕೆ ಬರುವ ಮೊದಲೇ ಎತ್ತಿಕೊಂಡು ಹೋದವು. ರಂಪಣಿ ಮುದುಡಿತು. ಇದನ್ನು ನಾವು ಬಲೆಯ ಕತೆ, ಯಂತ್ರದ ಕತೆ ಎಂದು ಹೇಳುತ್ತೇವೆ. ಎಂಬತ್ತು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಪಾಲು ಹಂಚಿಕೊಳ್ಳುತ್ತಿದ್ದ ಬೆಳಗುಗಳೂ ಆ ಬಲೆಯ ಜೊತೆಗೇ ಹೋದವು ಎಂಬುದನ್ನು ಯಾವ ಇಲಾಖೆಯೂ ಲೆಕ್ಕ ಇಡಲಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ನಿಮಗೂ ಹಿತ, ನನಗೂ ಹಿತ. ನಂಟು ಒಳ್ಳೆಯದು, ಹಳೆಯ ಕಾಲ ಚಿನ್ನ ಎಂದು ಎದ್ದು ಹೋಗಬಹುದು. ಆದರೆ ವಿಳಿಂಜಂ ಹಾಗೆ ಬಿಡುವುದಿಲ್ಲ.

ಅದೇ ಊರಿನಲ್ಲಿ 1995ರಲ್ಲಿ ಕ್ರೈಸ್ತ ಮತ್ತು ಮುಸ್ಲಿಂ ಮೀನುಗಾರರ ನಡುವೆ ಗಲಭೆ ಎದ್ದಿತು. ಜೀವಗಳು ಹೋದವು. ಹೊಡೆದಾಡಿದವರು ನಂಟು ಹರಿದುಕೊಂಡ ಪೋಕರಿಗಳಲ್ಲ. ಹೆಂಡತಿ ಮಕ್ಕಳಿದ್ದವರು, ಪ್ರಾರ್ಥನೆಗೆ ಹೋಗುವವರು, ಪಾಲಿನಲ್ಲಿ ಮೋಸ ಮಾಡದವರು. ತಮ್ಮವರ ಒಳಗೆ ಎಷ್ಟು ಬಿಗಿ ನಂಟಿತ್ತೋ ಅಷ್ಟೇ ವೇಗದಲ್ಲಿ ಅವರು ಒಟ್ಟಾಗಿ ಬೀದಿಗೆ ಬಂದರು. ಹೋಗದೆ ಮನೆಯಲ್ಲಿ ಕೂತವನಿಗೆ ಅವತ್ತು ಹೆಸರು ಕೆಡುವ ಭಯ!

ಹಿರ್ಶಿ ಇದನ್ನು ಒಪ್ಪುತ್ತಿರಲಿಲ್ಲ. ಕೆಟ್ಟವರ ಗೆಳೆತನ ಒಳಗೊಳಗೇ ತಣ್ಣಗಿನದು, ಟೊಳ್ಳು ಎಂಬುದು ಅವನ ವಾದ. ಕ್ಯಾಲಿಫೋರ್ನಿಯಾದ ಶಾಲಾಹುಡುಗರ ಮಟ್ಟಿಗೆ ಅದು ನಿಜವಿರಬಹುದು, ನಮ್ಮ ಊರುಗಳ ಮಟ್ಟಿಗೆ ಅಲ್ಲ.

ಎರಡು ವರ್ಷಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. 2018ರ ಆಗಸ್ಟ್. ಕೇರಳ ಮುಳುಗಿತ್ತು. ತಿರುವನಂತಪುರ, ಕೊಲ್ಲಂ ಕಡೆಯ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೆ ಹೇರಿಕೊಂಡು ಚೆಂಗನ್ನೂರು, ಪತ್ತನಂತಿಟ್ಟದ ಕಡೆ ಹೋದರು. ವಿಳಿಂಜಂನವರೂ ಹೋದರು. ಇಗರ್ಜಿಗಳಿಂದ ಕರೆ ಹೋದದ್ದೇ ತಡ, ಗಂಟೆಗಳಲ್ಲಿ ದೋಣಿ, ಎಂಜಿನ್, ಜನ ಸಿದ್ಧ. ಒಟ್ಟು 669 ದೋಣಿ, ನಾಲ್ಕೂವರೆ ಸಾವಿರ ಮೀನುಗಾರರು, 65,000 ಜನರ ರಕ್ಷಣೆ ಎಂಬುದು ಸರ್ಕಾರದ ಲೆಕ್ಕ. ಇವರು ಕೇರಳದ ಸ್ವಂತ ಸೈನ್ಯ ಎಂದು ಮುಖ್ಯಮಂತ್ರಿ ಹೊಗಳಿದರು.

ನಾಲ್ಕು ವರ್ಷದ ಮೇಲೆ, 2022ರ ಆಗಸ್ಟ್ 16ರಂದು, ಅದೇ ಜನ ವಿಳಿಂಜಂನಲ್ಲಿ ಅದಾನಿ ಕಂಪನಿ ಕಟ್ಟುತ್ತಿದ್ದ ಬಂದರಿನ ಬಾಗಿಲಲ್ಲಿ ಧರಣಿ ಕೂತರು. ಅವರ ದೂರು ಸುಳ್ಳಲ್ಲ. ಕಡಲು ಕೊರೆದು ಮನೆ ಕಳೆದುಕೊಂಡ ಕುಟುಂಬಗಳು ವಲಿಯತುರದ ಸಿಮೆಂಟ್ ಗೋದಾಮಿನಲ್ಲಿ ವರ್ಷಗಟ್ಟಲೆ ಬದುಕುತ್ತಿದ್ದವು. ಕೊರೆತಕ್ಕೆ ಬಂದರೇ ಕಾರಣ ಎಂದು ಅವರು, ಅಲ್ಲ ಎಂದು ಸರ್ಕಾರ. ಲ್ಯಾಟಿನ್ ಧರ್ಮಪ್ರಾಂತ್ಯ ಹೋರಾಟದ ಮುಂದೆ ನಿಂತಿತು. ನವೆಂಬರ್ 26ರಂದು ಬಂದರು ಬೇಕು ಎನ್ನುವ ಸ್ಥಳೀಯರಿಗೂ ಇವರಿಗೂ ಕಲ್ಲುತೂರಾಟವಾಯಿತು. 27ರ ರಾತ್ರಿ, ಬಂಧಿಸಿದ ತಮ್ಮವರನ್ನು ಬಿಡಿ ಎಂದು ಹೋದ ಗುಂಪು ವಿಳಿಂಜಂ ಪೊಲೀಸ್ ಠಾಣೆಯನ್ನೇ ಒಡೆದುಹಾಕಿತು. ಮೂವತ್ತಕ್ಕೂ ಹೆಚ್ಚು ಪೊಲೀಸರಿಗೆ ಗಾಯ. ಸುಮಾರು 3,000 ಜನರ ಮೇಲೆ ಮೊಕದ್ದಮೆ. ಡಿಸೆಂಬರ್ 6ರಂದು ಮಾತುಕತೆಯಲ್ಲಿ ಮುಷ್ಕರ ನಿಂತಿತು.

ಅದೇ ಜನ, ಅದೇ ನಂಟು. 2018ರಲ್ಲಿ ಅದಕ್ಕೆ ಹೊಗಳಿಕೆ, 2022ರಲ್ಲಿ ಎಫ್‌ಐಆರ್. ನಮ್ಮವನು ನೀರಿನಲ್ಲಿದ್ದಾನೆ ಎಂದಾಗ ಎದ್ದ ಜನ, ನಮ್ಮವನು ಲಾಕಪ್ಪಿನಲ್ಲಿದ್ದಾನೆ ಎಂದಾಗಲೂ ಎದ್ದರು. ನಂಟಿಗೆ ಕಾನೂನು ಪುಸ್ತಕ ಓದಲು ಬರುವುದಿಲ್ಲ. ಅದಕ್ಕೆ ಗೊತ್ತಿರುವುದು ನಮ್ಮವರು ಯಾರು ಎಂಬುದು ಮಾತ್ರ. ಆದರೆ 2018ರಲ್ಲಿ ಅವರು ಎತ್ತಿದವರಲ್ಲಿ ಬಹಳ ಮಂದಿ ತಮ್ಮ ಜಾತಿಯವರಲ್ಲ, ಮತದವರಲ್ಲ, ಒಮ್ಮೆಯೂ ಮುಖ ನೋಡದವರು. ಅಂದರೆ ನಮ್ಮವರು ಎಂಬ ಗೆರೆ ಕಲ್ಲಿನಲ್ಲಿ ಕೊರೆದದ್ದಲ್ಲ, ಕೆಲವೊಮ್ಮೆ ಚೆಂಗನ್ನೂರಿನವರೆಗೂ ಹೋಗುತ್ತದೆ. ನನಗೆ ಕುತೂಹಲವಿರುವುದು ಆ ಗೆರೆಯ ಬಗ್ಗೆ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ತಪ್ಪು ಯಾವುದು ಎಂದು ಠರಾವು ಮಾಡುವವರೂ ಆಯಾ ಊರಿನವರೇ. ದಿನಾ ಕುಡಿದು ಹೆಂಡತಿಗೆ ಹೊಡೆಯುವವನನ್ನು ಊರು ಸಹಿಸೀತು, ಬೇರೆ ಜಾತಿಯ ಹುಡುಗನ ಜೊತೆ ಹೋದ ಹುಡುಗಿಯನ್ನು ಸಹಿಸದು. ಎರಡೂ ಕಡೆ ಕೆಲಸ ಮಾಡುವುದು ಅದೇ ಮರ್ಯಾದೆ. ನಂಟು ಬಿಗಿಯಾಗಿರುವ ಊರಿನಲ್ಲಿ ಅಪರಾಧ ಕಡಿಮೆ ಎಂದು ಯಾರಾದರೂ ಅಂಕಿ ತೋರಿಸಿದರೆ ನಾನು ಕೇಳುವುದು: ಠಾಣೆಯವರೆಗೂ ಬಾರದೆ ಮನೆಯೊಳಗೇ ಮುಚ್ಚಿಹೋದದ್ದೆಷ್ಟು?

ನಮ್ಮವರು ಎಂಬ ಆ ಗೆರೆ ನಮ್ಮ ಹತ್ತಿರವೇ ಕಂಡದ್ದು 2025ರ ಮಾರ್ಚ್ 18ರಂದು, ಉಡುಪಿಯ ಮಲ್ಪೆ ಬಂದರಿನಲ್ಲಿ. ಮೀನು ಕದ್ದಳು ಎಂದು ಒಬ್ಬ ಹೆಂಗಸನ್ನು ಮರಕ್ಕೆ ಕಟ್ಟಿ ಕೆನ್ನೆಗೆ ಹೊಡೆದರು. ಸುತ್ತ ಜನ ನಿಂತಿದ್ದರು, ಮೊಬೈಲಿನಲ್ಲಿ ವಿಡಿಯೋ ಆಯಿತು. ಆಕೆ ಉತ್ತರ ಕರ್ನಾಟಕದಿಂದ ದುಡಿಯಲು ಬಂದವರು. ಪೊಲೀಸರು ಕೆಲವರನ್ನು ಬಂಧಿಸಿದರು, ಮುಖ್ಯಮಂತ್ರಿ ಖಂಡಿಸಿದರು, ಬಂಧನವನ್ನು ವಿರೋಧಿಸಿ ಬಂದರಿನಲ್ಲಿ ದೊಡ್ಡ ಪ್ರತಿಭಟನೆಯೂ ನಡೆಯಿತು.

ಮಲ್ಪೆಯ ಜನ ಕ್ರೂರಿಗಳು ಎಂದು ನಾನು ಹೇಳಲಾರೆ. ಆಕೆಯ ಜಾಗದಲ್ಲಿ ಸ್ವಂತ ಊರಿನ ಹೆಂಗಸೊಬ್ಬಳು ಇದ್ದಿದ್ದರೆ ಏನಾಗುತ್ತಿತ್ತು? ಬೈಗುಳ ಬೀಳುತ್ತಿತ್ತು, ಬುಟ್ಟಿ ಕಿತ್ತುಕೊಳ್ಳುತ್ತಿದ್ದರು, ಆಕೆಯ ಗಂಡನನ್ನೋ ಅಣ್ಣನನ್ನೋ ಕರೆಸಿ ಹೇಳುತ್ತಿದ್ದರು. ಮರಕ್ಕೆ ಕಟ್ಟುವ ಕೈಗೆ ಎಲ್ಲೋ ಒಂದು ಕಡೆ ಅವಳು ಇಂಥವರ ಮಗಳು ಎಂಬ ನೆನಪು ಅಡ್ಡ ಬರುತ್ತಿತ್ತು. ಈ ಹೆಂಗಸಿಗೆ ಆ ಅಡ್ಡಿ ಇರಲಿಲ್ಲ. ನಂಟು ತಡೆಯುವುದು ಕದಿಯುವ ಕೈಯನ್ನು ಮಾತ್ರ ಎಂದುಕೊಂಡಿದ್ದೇವೆ, ಹೊಡೆಯುವ ಕೈಯನ್ನೂ ಅದೇ ತಡೆಯಬೇಕು. ಅವತ್ತು ತಡೆಯಲಿಲ್ಲ. ಕಡಕ್ಕೋಡಿಯಲ್ಲಿದ್ದ ಆ ಬಾಗಿಲು ಮರದ ಬುಡದಲ್ಲಿ ಎಲ್ಲಿತ್ತು?

ನಂಟಿನ ಈ ಬಲ ಸರ್ಕಾರಗಳಿಗೆ ಗೊತ್ತಾಗಿಲ್ಲ ಎಂದಲ್ಲ. ಕೇರಳ ಪೊಲೀಸರು 2008ರಲ್ಲಿ ಜನಮೈತ್ರಿ ಯೋಜನೆ ತಂದರು. ಬೀಟ್ ಪೊಲೀಸ್ ಮನೆಮನೆಗೆ ಹೋಗಬೇಕು, ಹೆಸರು ಹಿಡಿದು ಮಾತಾಡಿಸುವಷ್ಟು ಜನರನ್ನು ತಿಳಿದಿರಬೇಕು. 2010ರಲ್ಲಿ ಶಾಲೆಗಳಲ್ಲಿ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಬಂತು, 2018ರಲ್ಲಿ ಅದು ದೇಶದ ಯೋಜನೆಯಾಯಿತು. ಪ್ರವಾಹದ ನಂತರ ಮೀನುಗಾರರ ಮಕ್ಕಳನ್ನು ಕರಾವಳಿ ಪೊಲೀಸಿನಲ್ಲಿ ವಾರ್ಡನ್‌ಗಳಾಗಿ ತೆಗೆದುಕೊಂಡರು. ಮೂರರಲ್ಲಿ ಈ ಕೊನೆಯದೇ ನನಗೆ ಹೆಚ್ಚು ಬುದ್ಧಿವಂತಿಕೆಯದು ಎನಿಸುತ್ತದೆ. ಠಾಣೆಯೊಳಗೆ ನಮ್ಮ ಹುಡುಗನಿದ್ದಾನೆ ಎಂದಾಗ ಠಾಣೆಯ ಕಡೆ ಕಲ್ಲು ಎತ್ತುವ ಮೊದಲು ಕೈ ಒಂದು ಕ್ಷಣ ನಿಲ್ಲುತ್ತದೆ. 2022ರಲ್ಲಿ ಅಷ್ಟೂ ನಿಲ್ಲಲಿಲ್ಲ, ನಿಜ. ಒಂದು ಊರಿಗೂ ಒಂದು ಠಾಣೆಗೂ ಸಂಬಂಧ ಬೆಳೆಯಲು ನಾಲ್ಕು ವರ್ಷ ಸಾಲದು.

ವಿಳಿಂಜಂಗೆ 2024ರ ಜುಲೈಯಲ್ಲಿ ಸ್ಯಾನ್ ಫರ್ನಾಂಡೊ ಎಂಬ ಮೊದಲ ದೊಡ್ಡ ಕಂಟೇನರ್ ಹಡಗು ಬಂತು. 2025ರ ಮೇ 2ರಂದು ಪ್ರಧಾನಿ ಬಂದರನ್ನು ದೇಶಕ್ಕೆ ಒಪ್ಪಿಸಿದರು. ಈಗ ಕ್ರೇನುಗಳು, ಕಂಟೇನರುಗಳು. ಇಗರ್ಜಿಯ ಪಟ್ಟಿಯಲ್ಲೂ ಜಮಾಅತ್ತಿನ ಪಟ್ಟಿಯಲ್ಲೂ ಹೆಸರಿಲ್ಲದವರು ಇನ್ನು ಆ ದಡಕ್ಕೆ ದುಡಿಯಲು ಬರುತ್ತಾರೆ. ಮಲ್ಪೆಗೆ, ಮಂಗಳೂರಿಗೆ ಅವರು ಬಂದು ಬಹಳ ವರ್ಷವಾಯಿತು. ಒಡಿಶಾದವರು, ಜಾರ್ಖಂಡಿನವರು, ವಿಜಯಪುರದವರು. ಬೋಟಿನಲ್ಲಿ ಬಲೆ ಎಳೆಯುವುದು, ದಕ್ಕೆಯಲ್ಲಿ ಹೊರುವುದು, ಐಸ್ ಒಡೆಯುವುದು ಇವರೇ. ನೂಲ ಹುಣ್ಣಿಮೆಯ ದಿನ ಸಮುದ್ರಕ್ಕೆ ಹಾಲೆರೆಯುವಾಗ ಇವರು ಎಲ್ಲಿ ನಿಂತಿರುತ್ತಾರೆ ಎಂದು ಕೇಳಿಕೊಳ್ಳಬೇಕಾದವರು ನಾವು.

ರಂಪಣಿ ಎಳೆದವನ ಪಾಲು ಎಷ್ಟೆಂಬುದು ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಅಲ್ಲಿ ಕದ್ದ ಮೀನು ಯಾವುದು, ಹಕ್ಕಿನ ಮೀನು ಯಾವುದು ಎಂಬ ಗೊಂದಲವಿರಲಿಲ್ಲ. ಇವತ್ತು ದಕ್ಕೆಯಲ್ಲಿ ಬುಟ್ಟಿ ಹೊರುವ ಹೆಂಗಸಿಗೆ ಕೂಲಿಯ ಜೊತೆ ಎಷ್ಟು ಮೀನು, ಬಿದ್ದ ಮೀನು ಯಾರದು ಎಂಬುದನ್ನು ಬಂದರಿನ ಸಂಘಗಳು ಋತು ಆರಂಭವಾಗುವ ಮೊದಲೇ ಹೇಳಿಬಿಡಬಹುದು. ಹೇಳುವ ಸಭೆಯಲ್ಲಿ ಆ ಹೆಂಗಸರೂ ಕೂತಿರಬೇಕು, ಅವರಲ್ಲಿ ಇಬ್ಬರಾದರೂ ಮಾತಾಡಬೇಕು. ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಜೂನ್, ಜುಲೈ ಎರಡು ತಿಂಗಳು ಬೋಟುಗಳು ದಡದಲ್ಲೇ ಇರುತ್ತವೆ. ಆದರೆ ಆಗ ಇವರು ತಮ್ಮ ಊರಿಗೆ ಹೋಗಿರುತ್ತಾರೆ. ಆದ್ದರಿಂದ ಸಭೆಯನ್ನು ಮೇ ತಿಂಗಳಲ್ಲೇ ಕರೆಯುವುದು ಒಳ್ಳೆಯದು.